ಎರಡು ಬೆರಳು ಸೂರ್ಯ

ಮಸ್ಕತ್ತಿನ ಆಸ್ಪತ್ರೆಯಿಂದ ಹೊರಡುವಾಗಲೇ
ಜಾಗ ಗೊತ್ತು ಮಾಡಿಕೊಂಡಿದ್ದೆ:
ಹೈಮಾ ದಾಟಿ, ರಸ್ತೆ ಬಿಟ್ಟು ಒಳಗೆ
ಒಂಟಿ ಗಾಫ್ ಮರ, ಸುತ್ತ ಚಪ್ಪಟೆ ಜಲ್ಲಿ ನೆಲ.
ಪಿಕಪ್ಪಿನ ಬೆನ್ನಲ್ಲಿ ಚಾಪೆ, ಸೌದೆ, ಎರಡು ರಗ್ಗು,
ಮತ್ತು ಅಜ್ಜಿಗೆ ಅವಳ ಆಕಾಶವನ್ನು ವಾಪಸು ಕೊಡುವ
ನನ್ನ ದೊಡ್ಡ ಮನಸ್ಸು.

ಅಜ್ಜಿ ಜುವೈನಾ ಪಕ್ಕದಲ್ಲಿ,
ಎಡಗಣ್ಣಿಗೆ ಹಸಿರು ಪಟ್ಟಿ,
ಮಡಿಲಲ್ಲಿ ಔಷಧಿ ಚೀಟಿ, ಖರ್ಜೂರದ ಡಬ್ಬಿ.
ಆದಂ ಮುಗಿಯಿತು, ನೆಲ ಶುರುವಾಯಿತು.
ರಸ್ತೆ ಎಂದರೆ ಇನ್ನು ಒಂದೇ ಗೆರೆ,
ತಪ್ಪಾಗಿ ಬರೆದದ್ದನ್ನು ಯಾರೋ ಹೊಡೆದುಹಾಕಿದ ಹಾಗೆ.

ಗಾಬಾದಲ್ಲಿ ಚಹಾ ಕುಡಿಯೋಣವೇ ಎಂದರೆ
"ಗಾಜು ಏರಿಸು" ಎಂದಳು.
ಅಲ್ಲಿ ಮೊದಲ ಗಂಡನ ತಂಗಿ ಇದ್ದಾಳಂತೆ;
ಕಂಡರೆ ಮೇಕೆ ಕಡಿಯುತ್ತಾಳೆ, ಮೂರು ದಿನ ಬಿಡುವುದಿಲ್ಲ,
ನಾಲ್ಕನೆಯ ದಿನ ಹಳೆಯದನ್ನೆಲ್ಲ ತೆಗೆಯುತ್ತಾಳೆ.
ಹೈಮಾ? ಹೈಮಾದ ತುಂಬ ನಮ್ಮವರೇ.
ಪಟ್ಟಿ ಬಿಚ್ಚಿ ನೋಡದೆ ಯಾರಿಗೂ ನಿದ್ದೆ ಬರದು.

ಕೊನೆಗೆ ನನ್ನ ಮರ ಕಂಡಿತು.
ಇಂಡಿಕೇಟರ್ ಹಾಕಿದೆ. ಟಿಕ್ ಟಿಕ್ ಟಿಕ್.
"ಏನದು?"
ಮರ, ಅಜ್ಜಿ. ಬೆಂಕಿ ಹಾಕೋಣ. ನಕ್ಷತ್ರ. ನಿನ್ನ ಕಾಲದ ಹಾಗೆ.
ಆ ಒಂದು ಕಣ್ಣಿನಲ್ಲಿ ಅವಳು ನನ್ನನ್ನು ನೋಡಿದ ರೀತಿ
ಎರಡಿದ್ದಾಗಲೂ ನೋಡಿರಲಿಲ್ಲ.

"ಮರದಡಿ ಒಂಟೆ ಮಲಗಿದ ಜಾಗ, ಉಣ್ಣಿ ಇರುತ್ತವೆ.
ಧೂಳು ಬೇಡ ಅಂತ ಡಾಕ್ಟರೂ ಹೇಳಿದ್ದಾರಲ್ಲ.
ನನ್ನ ಕಾಲದಲ್ಲಿ ಇಲ್ಲಿ ಮಲಗಿದ್ದು
ಬೇರೆ ಮನೆಯಿರಲಿಲ್ಲ ಎಂದು, ಮುಸಲ್ಲಮ್.
ನಿನ್ನಪ್ಪನನ್ನು ಹೆತ್ತದ್ದೂ ಇಂಥ ಜಲ್ಲಿಯ ಮೇಲೆಯೇ;
ಬೆನ್ನು ಇನ್ನೂ ಎಣಿಸುತ್ತದೆ ಒಂದೊಂದೇ ಕಲ್ಲನ್ನು.
ನನಗೆ ಕೊಳಾಯಿ ಬೇಕು. ಬಿಸಿನೀರು.
ಚಿಲಕ ಇರುವ ಬಾಗಿಲು.
ನಕ್ಷತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ನಡಿ, ಗಫ್ತೈನಿಗೆ."

ಕೈ ಚಾಚಿ ಬೆರಳು ಅಡ್ಡ ಹಿಡಿದಳು:
ನೆಲಕ್ಕೂ ಸೂರ್ಯನಿಗೂ ನಡುವೆ ಎರಡು ಬೆರಳು.
ಬೆರಳಿಗೆ ಕಾಲು ಗಂಟೆ.
ಬೋರ್ಡಿನಲ್ಲಿ ತೊಂಬತ್ತು ಕಿಲೋಮೀಟರು.
ಲೆಕ್ಕ ಕೂಡುತ್ತಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು.
ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಓಡಿಸುವವರು
ಲಾರಿಯವರು, ಮತ್ತು ಬುದ್ಧಿಯಿಲ್ಲದವರು.

ಬೆಳಕು ಮೊದಲು ಜಲ್ಲಿಯಿಂದ ಹೋಯಿತು,
ಆಮೇಲೆ ಸ್ಟಿಯರಿಂಗ್ ಹಿಡಿದ ನನ್ನ ಕೈಯಿಂದ.
"ಬಲಕ್ಕಿದೆ. ನಿಧಾನ."
ಏನೂ ಇರಲಿಲ್ಲ. ಬ್ರೇಕ್ ಒತ್ತಿದೆ.
ಆಗ ಕತ್ತಲೇ ನಾಲ್ಕು ಕಾಲು ಎತ್ತಿಟ್ಟು
ರಸ್ತೆ ದಾಟಿತು; ಹಿಂದೆ ಸಣ್ಣದೊಂದು ಕತ್ತಲು,
ತಾಯಿಗೆ ಮೈ ತಾಗಿಸಿಕೊಂಡೇ.
ನನ್ನ ಮೊಣಕಾಲು ನಡುಗುತ್ತಿತ್ತು.
ಅವಳು ಡಬ್ಬಿ ತೆರೆದು ಖರ್ಜೂರ ಕೊಟ್ಟಳು, ಬೀಜ ತೆಗೆದು.

ಗಫ್ತೈನ್: ಪೆಟ್ರೋಲ್ ಬಂಕು, ನಮಾಜಿನ ಕೋಣೆ,
ಟ್ಯೂಬ್‌ಲೈಟಿಗೆ ಮುತ್ತಿದ ಹುಳು,
ಪೇಶಾವರದ ಡ್ರೈವರುಗಳಿಗೆ
ಪರೋಟ ಬಡಿಯುತ್ತಿದ್ದ ತ್ರಿಶೂರಿನ ವರ್ಕಿ.
ಕೋಣೆಗೆ ಹದಿನೈದು ರಿಯಾಲ್; ಅಜ್ಜಿ ಹನ್ನೆರಡಕ್ಕೆ ಇಳಿಸಿದಳು.
ಕೊಳಾಯಿ ತಿರುಗಿಸಿ, ನೀರು ಬಿಸಿಯಾಗುವ ತನಕ
ಕೈಯನ್ನು ಅಲ್ಲೇ ಹಿಡಿದು ನಿಂತಳು.
ಎಸಿ ಹದಿನಾರಕ್ಕೆ.
ನನ್ನನ್ನು ಆಚೆ ಕಳಿಸಿ ಚಿಲಕ ಎರಡು ಸಲ ಎಳೆದು ನೋಡಿದಳು.
ಗೊರಕೆ ಗೋಡೆಯಾಚೆಗೂ ಕೇಳಿತು.

ನಾನು ಹಟಕ್ಕೆ ಪಿಕಪ್ಪಿನಲ್ಲಿ ಮಲಗಿದೆ,
ನಕ್ಷತ್ರಗಳ ಜೊತೆ, ಜನರೇಟರಿನ ಜೊತೆ.

ಬೆಳಗಿನ ಜಾವ ಮಂಜು. ನೂರು ಮೈಲಿ ಆಚೆಯ ಕಡಲು
ಸದ್ದಿಲ್ಲದೆ ನಡೆದುಬಂದು ಎಲ್ಲದರ ಮೇಲೂ ಕೂತಿತ್ತು.
ರಗ್ಗು ಒದ್ದೆ, ಗಡ್ಡ ಒದ್ದೆ.
ಅಜ್ಜಿ ಬಂದಳು, ಮೈತುಂಬ ಹೋಟೆಲ್ ಸೋಪಿನ ವಾಸನೆ.
ಗಾಜಿನ ಮೇಲೆ ಬೆರಳೆಳೆದು ನಾಲಗೆಗಿಟ್ಟುಕೊಂಡಳು.
ಬಾವಿಯಿಲ್ಲದ ಈ ನೆಲದಲ್ಲಿ
ಕಂಬಳಿ ಹಿಂಡಿ ಕುಡಿದು ಬೆಳೆದ ಬಾಯಿ ಅದು.

ತುಸು ಹೊತ್ತು ಸುಮ್ಮನಿದ್ದಳು.
ಆಮೇಲೆ ನನ್ನ ರಗ್ಗಿನ ಒಂದು ತುದಿ ಹಿಡಿದಳು,
ಇನ್ನೊಂದನ್ನು ನಾನು. ತಿರುಚಿದೆವು.
ವರ್ಕಿಯ ಚಹಾದ ಲೋಟ ಅರ್ಧವೂ ತುಂಬಲಿಲ್ಲ.
"ಥೂ, ಪೆಟ್ರೋಲ್ ವಾಸನೆ" ಎಂದಳು,
ಪೂರ್ತಿ ಕುಡಿದು. "ಹೊರಡು."