ಆಕಾಶಕ್ಕೆ ಹಚ್ಚಿದ ಒಲೆ

ಉಲಾನ್‌ಬಾತರ್, ಜನವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ದುಂಡು ಗುಡಾರದಾಚೆ ನಿಂತ ದೊಲ್ಗೋರ್‌ಗೆ
ಪುರಸಭೆಯ ಹುಡುಗ ಕ್ಯಾಮೆರಾ ಹಿಡಿದು ತೋರಿಸಿದ:
'ನೋಡಕ್ಕ, ಶಾಖ ಸೋರೋದು.'
ನೆತ್ತಿ ಕೆಂಪು, ಬಾಗಿಲ ಸಂದು ಕೆಂಪು,
ಬುಡದ ಸುತ್ತ ಕೆಂಡದ ಉಡಿದಾರ.

ದಿನಕ್ಕೊಂದು ಚೀಲ ಕಲ್ಲಿದ್ದಲು;
ಅರ್ಧ, ಹೊಳೆಯಲ್ಲಿ ಹುಣಸೆ ಕಿವುಚಿದ ಹಾಗೆ.
ಹನ್ನೊಂದು ಚಳಿಗಾಲ ಮಕ್ಕಳ ಹೆಸರಲ್ಲಿ
ಆಕಾಶವನ್ನೇ ಕಾಯಿಸಿದೆನಲ್ಲ, ಅಂದಳು.

ಆಕಾಶ ಕಾದರೆ ಏನಾಗುತ್ತದೆಂದು
ಅವಳಿಗೆ ಯಾರೂ ಹೇಳಬೇಕಿಲ್ಲ.
ಬೇಸಿಗೆಯಲ್ಲೇ ಹುಲ್ಲು ಸುಟ್ಟುಹೋಗಿ,
ಹಿಮ ಬೀಳುವ ಹೊತ್ತಿಗೆ ಮಳೆ ಬಿದ್ದು, ರಾತ್ರಿಗೆ ಗಾಜಾಗಿ,
ಗೊರಸಿಗೆ ನೆಲ ಸಿಗದೆ
ನಿಂತಲ್ಲೇ ಸತ್ತವು ಇನ್ನೂರ ಏಳು ಕುರಿ.
ಆಗ ಯಾರದೋ ಒಲೆ.
ಈಗ ನನ್ನದೂ.

ಉಳಿದ ಕುರಿಗಳ ಉಣ್ಣೆ ತಮ್ಮನ ಲಾರಿಯಲ್ಲಿ ಬಂತು.
ಬಡಿದು, ನೆನೆಸಿ, ಸುತ್ತಿ, ಎರಡು ಪದರ ಹೆಚ್ಚು ಹೊದಿಸಿದರು;
ಬಾಗಿಲಿಗೊಂದು ಪುಟ್ಟ ಪಡಸಾಲೆ, ಬುಡಕ್ಕೆ ಹಲಗೆ.
ರಾತ್ರಿ ಅರ್ಧ ದರದ ಕರೆಂಟಿಗೆ ಹೀಟರು.
'ಈ ತಂತಿಯ ಆ ತುದೀಲಿ ಏನಿದೆ?'
'ಅಲ್ಲೂ ಕಲ್ಲಿದ್ದಲೇ ಅಕ್ಕ,' ಹುಡುಗ ತಲೆ ಕೆರೆದ.
'ಗುಡ್ಡದಾಚೆ ಗಾಳಿಗಿರಣಿ ತಿರುಗ್ತಿವೆ. ಸಾಲಲ್ಲ.'
'ಸಾಲದಿದ್ದರೆ ಇನ್ನಷ್ಟು ನೆಡಿ.
ಇಲ್ಲಿ ಗಾಳಿಗೇನು ಬರವೆ?'

ಫೆಬ್ರವರಿಯ ಒಂದು ಬೆಳಗ್ಗೆ ಕಿರಿಯವಳು ಓಡಿಬಂದಳು:
ಅಮ್ಮಾ, ನಮ್ಮನೆ ಮೇಲಿನ ಹಿಮ ಕರಗೇ ಇಲ್ಲ!
ಒಳಗೆ ಚಹಾ ಕುದಿಯುತ್ತಿತ್ತು.
ಮೂಲೆಯಲ್ಲಿ ನಿನ್ನೆಯ ಚೀಲ,
ಕಟ್ಟಿದ ಬಾಯಿ ಕಟ್ಟಿದ ಹಾಗೇ.