ಬಾಕಿ

ನಿಬಾಲ್ದೊ ಒಯಾರ್ಸೂನ್‌ಗೆ ಸಂಬಳವಿರಲಿಲ್ಲ.
ವಾಲ್ಪರೈಸೊದಲ್ಲಿ ಬೆಂಕಿ ಆರಿಸುವ ನಮಗ್ಯಾರಿಗೂ ಇಲ್ಲ;
ತಿಂಗಳಿಗೊಮ್ಮೆ ನಾವೇ ಚಂದಾ ಕಟ್ಟುತ್ತೇವೆ.
ಅವನದು ಮೂರು ತಿಂಗಳ ಬಾಕಿ.
ಪುಸ್ತಕ ಬರೆಯುವವನು ನಾನು.

ಹಗಲು ಬೀಗ ರಿಪೇರಿ. ಮೆಟ್ಟಿಲುಬೀದಿಯ ತಿರುವಿನಲ್ಲಿ
ಕಪಾಟಿನಷ್ಟು ಅಂಗಡಿ, ಉಗುರಲ್ಲಿ ಸದಾ ಹಿತ್ತಾಳೆ ಪುಡಿ.
ಸೈರನ್ ಕೂಗಿದರೆ ಗಿರಾಕಿಯನ್ನೇ ಕಾವಲಿಗೆ ಬಿಟ್ಟು ಓಡುತ್ತಿದ್ದ.
ಬಾಗಿಲಿಗೆ ನಾವು ಕೊಡಲಿ ಎತ್ತಿದರೆ
‘ತಾಳ್ರೋ’ ಅನ್ನುತ್ತಿದ್ದ; ಮೊಣಕಾಲೂರಿ, ಒಂದು ತಂತಿ —
‘ಪಾಪ, ನಾಳೆ ಬಾಗಿಲಾದರೂ ಇರಲಿ ಅವರಿಗೆ.’

ಫೆಬ್ರವರಿ. ನೀಲಗಿರಿ ತೋಪು ಹೊತ್ತಿ
ಕಣಿವೆಯೇ ಒಲೆ, ಗಾಳಿಯೇ ತಿದಿ.
ಪೈಪಿನಲ್ಲಿ ನೀರು ಕೆಮ್ಮಿತು, ನಿಂತಿತು.
ಕೆಳಗೆ ಅಷ್ಟಗಲ ಕಡಲು, ಸುಮ್ಮನೆ.
ತಗಡಿನ ಮನೆಯೊಳಗಿಂದ ಯಾರೋ ಬಡಿಯುತ್ತಿದ್ದರು.
ಅವನು ಮೊಣಕಾಲೂರಿದ.
ಬಾಗಿಲು ತೆರೆಯಿತು,
ಮುದುಕನೊಬ್ಬ ಹೊರಬಿದ್ದ, ಕಂಕುಳಲ್ಲಿ ಕೋಳಿ.
ಸೂರು ಕುಸಿಯಲು ಅಷ್ಟು ಹೊತ್ತು ಸಾಕಾಯಿತು.

ರಾತ್ರಿ ಪಂಜು ಹಿಡಿದು ಕರೆದೊಯ್ದೆವು, ನಮ್ಮ ಪದ್ಧತಿ.
ಬೆಂಕಿಯನ್ನೇ ಕೈಯಲ್ಲಿ ಹಿಡಿದು!
ಇದ್ದಿದ್ದರೆ ನಗುತ್ತಿದ್ದ.

ವಾರದ ಮೇಲೆ ಅಂಗಡಿ ತೆಗೆದೆ.
ಮೊಳೆಗಳಲ್ಲಿ ಚೀಟಿ ಕಟ್ಟಿಸಿಕೊಂಡ ಬೀಗದ ಕೈಗಳು,
ಒಂದೂ ಅಲುಗದೆ.
ಒಬ್ಬಾಕೆ ಬಂದಳು: ಹನ್ನೊಂದನೇ ನಂಬರು.
‘ಮನೆ ಸುಟ್ಟುಹೋಗಿದೆ,’ ಎಂದಳು,
ಆದರೂ ದುಡ್ಡು ಎಣಿಸಿಟ್ಟು
ಕೀಲಿಯನ್ನು ಒರೆಸಿ ಒಳಜೇಬಿಗೆ ಸೇರಿಸಿದಳು.

ಹೀಗೆ ಬಂದದ್ದನ್ನೆಲ್ಲ ಅವನ ಲೆಕ್ಕಕ್ಕೆ ಜಮಾ ಮಾಡಿದೆ.
ಎರಡು ತಿಂಗಳದು ತೀರಿತು.
ಮೂರನೆಯದು ತೀರಿಸುವಷ್ಟು ನನ್ನಲ್ಲೇ ಇತ್ತು,
ತೀರಿಸಲಿಲ್ಲ.
ಬಾಕಿ ಇರುವವನ ಹೆಸರನ್ನು
ಪುಸ್ತಕದಿಂದ ಹೊಡೆಯುವಂತಿಲ್ಲ.