ಮೂರು ಡಾಲರಿನ ಕಲ್ಲು

ಲೆಕ್ಕ ಹೀಗಿದೆ ತಾಯಿ: ಅಕ್ಷರಕ್ಕೆ ಆರು ಸೆಂಟು,
ಅಂಕಿಗೂ ಅಷ್ಟೇ, ಚುಕ್ಕಿ ಬಿಟ್ಟಿ.
ನೀವು ತಂದದ್ದು ಮೂರು ಡಾಲರು.
ಐವತ್ತರೊಳಗೆ ಮುಗಿಯಬೇಕು
ಆಸಾಹೆಲ್ ಪ್ರೂಯಿಟ್.

ಹೆಸರಿಗೇ ಹನ್ನೆರಡು ಹೋಯಿತು.
ಹುಟ್ಟಿದ್ದು, ಸತ್ತದ್ದು: ಎಂಟು.
'ನೆಬ್ರಾಸ್ಕ ಶಾಸನಸಭೆಯ ಸದಸ್ಯ' ಎಂದರೆ ಮೂವತ್ತು.
ಅಲ್ಲಿಗೆ ಕಲ್ಲು ಭರ್ತಿ.
ವಕೀಲ ಎನ್ನಲೂ ಜಾಗವಿಲ್ಲ.

ಸಭೆಗೆ ಹೋದದ್ದು ಒಂದೇ ಚಳಿಗಾಲ,
ಹನ್ನೊಂದು ಮತದ ಗೆಲುವು.
ಒಲೆಯ ಪಕ್ಕದ ಕುರ್ಚಿ ಸಿಗದೆ ಕಂಬಳಿ ಹೊದ್ದು ಕೂತವರು
ಎದ್ದು ಮಾತಾಡಿದ್ದು ಎರಡೇ ಸಲ:
ಒಮ್ಮೆ, ಬೇಲಿ ಎಷ್ಟೆತ್ತರ ಇರಬೇಕೆಂದು;
ಇನ್ನೊಮ್ಮೆ, ಯಾರಾದರೂ ಆ ಕಿಟಕಿ ಮುಚ್ಚಿ ಎಂದು.

ವಕೀಲಿಕೆ ಇಪ್ಪತ್ತಾರು ವರ್ಷ.
ಕೆಸರು ದಾಟಿ ಹೇಸರಗತ್ತೆಯ ಮೇಲೆ ಬರುವರು,
ಒಂದು ಜೋಳಿಗೆಯಲ್ಲಿ ಕಾನೂನು, ಇನ್ನೊಂದರಲ್ಲಿ ಈರುಳ್ಳಿ.
ಫೀಜು ಕೊಟ್ಟವರಾರು?
ಒಬ್ಬ ಹಂದಿಯ ತೊಡೆ, ಒಬ್ಬ ಅರ್ಧ ಮೂಟೆ ಉಪ್ಪು,
ನಾನು ಏನೂ ಇಲ್ಲ.

ಹಂದಿ ಕದ್ದೆನೆಂದು ನನ್ನ ಮೇಲೆ ಬಂದಿತ್ತು.
ಜ್ಯೂರಿಯ ಮುಂದೆ ಹಂದಿಯನ್ನೇ ಎಳೆತಂದು
ಎಡಗಿವಿ ಮಡಚಿ ತೋರಿಸಿದರು, ಎರಡು ಕಚ್ಚು:
'ಮಹಾಶಯರೇ, ಓದು ಬಾರದವನಿಗೂ ರುಜು ಇರುತ್ತದೆ.
ಇದು ಇವನದು.'
ನಕ್ಕರು. ಬಿಟ್ಟರು.
ಹೊರಗೆ, ಗತ್ತೆಯ ಪಟ್ಟಿ ಬಿಗಿಯುತ್ತ, ಮೆಲ್ಲಗೆ ಕೇಳಿದರು:
'ಕಚ್ಚು ಹಾಕಿದ್ದು ಯಾವಾಗಯ್ಯಾ?'
ನಾನು ಹೇಳಲಿಲ್ಲ.
ಅವರು ಮತ್ತೆ ಕೇಳಲಿಲ್ಲ.

ಕೌಂಟಿಯ ಕಚೇರಿ ನಮ್ಮೂರಿಗೇ ಬರಲೆಂದು
ರಾತ್ರೋರಾತ್ರಿ ದಫ್ತರಗಳನ್ನೆಲ್ಲ
ಎತ್ತಿನ ಗಾಡಿಯಲ್ಲಿ, ಹುಲ್ಲಿನಡಿ, ಹೊತ್ತು ತಂದವರೂ ಅವರೇ.
ಚಕ್ರಕ್ಕೆ ಗೋಣಿ ಸುತ್ತಿದವನು ನಾನು.
ಆ ದಫ್ತರದಲ್ಲೇ ಎಲ್ಲೋ ಒಂದು ಪುಟ:
ಹೊಳೆದಂಡೆಯ ನೂರ ಅರವತ್ತು ಎಕರೆ, ಎರಡು ಕಂಬಳಿಗೆ.
ಓಟೋ ಜನರ ಮುದುಕಿಯೊಬ್ಬಳು ಎಳೆದ ಅಡ್ಡಗೀಟು, ಅದರ ಮೇಲೊಂದು ಗೀಟು.
ಕೆಳಗೆ ಸಾಕ್ಷಿ: ಎ. ಪ್ರೂಯಿಟ್.
ಕುಡಿದಾಗ ಮಾತ್ರ ಅನ್ನುತ್ತಿದ್ದರು,
'ಗರಿಯ ತುದಿ ಮೊಂಡಾಗಿತ್ತು ಕಣೋ.
ನಾನೇ ಹೆರೆದು ಕೊಟ್ಟೆ.'

ಇದಕ್ಕೆಲ್ಲ ಎಷ್ಟು ಅಕ್ಷರ ತಾಯಿ?

ಸಭೆಯೇ ಇರಲಿ ಅನ್ನುತ್ತೀರಿ. ಆಗಲಿ.
ಸುಣ್ಣಕಲ್ಲು ಮೆತ್ತಗೆ, ನಾಲ್ಕು ಹಿಮ ಬಿದ್ದರೆ ಅಂಚು ಮಾಸುತ್ತದೆ,
ಆಳಕ್ಕೇ ಹೊಡೆಯುತ್ತೇನೆ.
ಬುಡದಲ್ಲಿ, ಮಣ್ಣಿಗೆ ಹುಗಿಯುವಲ್ಲಿ,
ಉಳಿ ಜಾರಿ ಎಡಕ್ಕೆ ಎರಡು ಕಚ್ಚು ಬಿದ್ದರೆ
ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.